ನಾಲ್ಕು ಇಂಟು, ಒಂದು ರೈಟು

ಜೂನ್ 12

ಪ್ರೀತಿಯ ತಂಗಿಗೆ ಅಣ್ಣನ ಆಶೀರ್ವಾದಗಳು.

ವಿಷಯ: ನಿನ್ನ ಮಗಳು, ನಮ್ಮ ಗುಂಡುಸೂಜಿಯ ಶಾಲೆ ಬದಲಾವಣೆ.
ಉಲ್ಲೇಖ: ವಿಮಾನ ಹತ್ತುವ ದಿನ ನೀನು ಅತ್ತಿದ್ದು.

ನಗಬೇಡ. ಮೂವತ್ತೊಂದು ವರ್ಷ ಶಾಲೆಯ ಆಫೀಸಿನಲ್ಲಿ ಗುಮಾಸ್ತನಾಗಿ ಕೂತವನಿಗೆ ವಿಷಯ, ಉಲ್ಲೇಖ ಬರೆಯದೆ ಪೆನ್ನು ಮುಂದಕ್ಕೆ ಹೋಗುವುದಿಲ್ಲ. ಎಲ್ಲಾ ಫೋನಿನಲ್ಲೇ ಹೇಳಬಹುದಲ್ಲ ಅಂತ ನೀನು ಕೇಳಿದೆ. ಫೋನಿನಲ್ಲಿ ನೀನು ‘ಚೆನ್ನಾಗಿದೀವಿ’ ಅಂತೀಯ, ನಾನು ‘ಚೆನ್ನಾಗಿರಿ’ ಅಂತೀನಿ, ಅಷ್ಟು ಹೊತ್ತಿಗೆ ಭಾವನಿಗೆ ಕೆಲಸಕ್ಕೆ ಹೊತ್ತಾಗಿರುತ್ತದೆ. ಕಾಗದಪತ್ರಗಳು ಹೇಗೂ ಅಂಚೆಯಲ್ಲೇ ಬರಬೇಕು. ಅವುಗಳನ್ನು ಒಂಟಿಯಾಗಿ ಕಳಿಸುವುದು ನನಗೆ ಸರಿಬರುವುದಿಲ್ಲ.

ವರ್ಗಾವಣೆ ಪತ್ರ, ಎಂಟು ಮತ್ತು ಒಂಬತ್ತನೇ ತರಗತಿಯ ಅಂಕಪಟ್ಟಿ, ನಮ್ಮ ಪಾಠಪಟ್ಟಿಯ ಇಂಗ್ಲಿಷ್ ಅನುವಾದ ಇಟ್ಟಿದ್ದೇನೆ. ಅನುವಾದ ನನ್ನದೇ. ಇಂಗ್ಲಿಷ್ ಮೇಷ್ಟ್ರು ಎರಡು ಕಡೆ ತಿದ್ದಿದರು, ಅದರಲ್ಲಿ ಒಂದನ್ನು ನಾನು ವಾಪಸ್ ತಿದ್ದಿದೆ. ಗಣಿತದಲ್ಲಿ ತೊಂಬತ್ತಾರು ಅಂತ ಇರುವ ಕಡೆ ಶಾಲೆಯ ಮುದ್ರೆಯನ್ನು ಸ್ವಲ್ಪ ಪಕ್ಕಕ್ಕೆ ಒತ್ತಿದ್ದೇನೆ, ಅಂಕ ಎದ್ದು ಕಾಣಲಿ ಅಂತ.

ನೀವು ಹೋಗಿರುವ ದೇಶದಲ್ಲಿ ಹದಿನಾರು ತುಂಬುವುದರೊಳಗೆ ಮಕ್ಕಳನ್ನು ಬೇರೆ ಬೇರೆ ದಾರಿಗೆ ಹಚ್ಚಿಬಿಡುತ್ತಾರೆ ಅಂತ ಭಾವ ಹೇಳಿದರು. ಉದ್ದದ ಕೋರ್ಸು ಸಿಕ್ಕಿದರೆ ಮಾತ್ರ ಕಾಲೇಜು, ಇಲ್ಲದಿದ್ದರೆ ಎರಡು ವರ್ಷ ಕೈಕೆಲಸ ಕಲಿಸಿ ದುಡಿಯಲು ಕಳಿಸುತ್ತಾರಂತೆ. ನಮ್ಮವಳಿಗೆ ಮಾರ್ಚಿಗೆ ಹದಿನಾರು. ಗಣಿತದ ಮೇಡಂ ಆಗುತ್ತೇನೆ ಅಂತ ನನ್ನ ಮೇಜಿನ ಮೂಲೆಯಲ್ಲಿ ಕೂತು ಹಾಜರಿ ಪುಸ್ತಕ ಕೂಡಿಸಿ ಕೊಡುತ್ತಿದ್ದ ಹುಡುಗಿ ಅದು. ಕಣ್ಣಲ್ಲಿ ಕಣ್ಣಿಟ್ಟು ನೋಡಿಕೋ. ಫಾರಂ ಏನೇ ಬಂದರೂ ನನಗೆ ತೋರಿಸದೆ ಕೊಡಬೇಡ.

ನಿನ್ನ ಅಣ್ಣ

ಲಗತ್ತು: ನಾಲ್ಕು

•

ಸೆಪ್ಟೆಂಬರ್ 6

ಅಣ್ಣನಿಗೆ ನಮಸ್ಕಾರ.

ತಡವಾಗಿ ಬರೆಯುತ್ತಿದ್ದೇನೆ ಅಂತ ಮುಖ ಊದಿಸಿಕೊಳ್ಳಬೇಡ. ಇವರಿಗೆ ಕಾರ್ಖಾನೆಯಲ್ಲಿ ಬೆಸುಗೆ ಹಾಕುವ ಕೆಲಸ ಗೊತ್ತಾಗಿತ್ತಲ್ಲ, ಈಗ ನನಗೂ ಒಂದು ಸಿಕ್ಕಿದೆ. ಆಸ್ಪತ್ರೆಯ ಬಟ್ಟೆ ಒಗೆಯುವ ವಿಭಾಗ. ನೆಲಮಾಳಿಗೆ, ಕಿಟಕಿ ಇಲ್ಲ. ಇಸ್ತ್ರಿ ಯಂತ್ರದ ಬಾಯಿಂದ ಹಾಸಿಗೆ ಬಟ್ಟೆಗಳು ಬಿಸಿಬಿಸಿಯಾಗಿ ಬರುತ್ತಲೇ ಇರುತ್ತವೆ. ಇಬ್ಬರು ಎದುರುಬದುರು ನಿಂತು ನಾಲ್ಕು ಮೂಲೆ ಹಿಡಿದು ಮಡಚಬೇಕು. ನನ್ನ ಎದುರಿನವಳ ಭಾಷೆ ನನಗೆ ಬರದು, ನನ್ನದು ಅವಳಿಗೆ ಬರದು. ಮಡಚುವುದಕ್ಕೆ ಭಾಷೆ ಬೇಕಾಗಿಯೂ ಇಲ್ಲ.

ಮನೆ ಮೂರನೇ ಮಹಡಿಯಲ್ಲಿದೆ, ಎರಡು ಕೋಣೆ. ಅಡುಗೆಮನೆ ಕಿಟಕಿ ತೆರೆದರೆ ಬಸ್ ಡಿಪೋದ ಗೋಡೆ. ಅದರ ಮೇಲೆ ದೊಡ್ಡದಾಗಿ ಏನೋ ಬರೆದಿದೆ, ಮಗಳು ಅದನ್ನು ದಿನಾ ಒಂದೊಂದೇ ಅಕ್ಷರ ಕೂಡಿಸಿ ಓದಿದಳು. ‘ಇಲ್ಲಿ ನಿಲ್ಲಬಾರದು ಅಂತಮ್ಮ’ ಅಂದಳು. ನಾವಿಬ್ಬರೂ ನಕ್ಕೆವು.

ಶಾಲೆಯಲ್ಲಿ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಂಡಿದ್ದಾರೆ. ಬೆಳಗ್ಗೆ ಎರಡು ಗಂಟೆ ಭಾಷೆ ಕಲಿಸುತ್ತಾರೆ, ಆಮೇಲೆ ಉಳಿದವರ ಜೊತೆ ಪಾಠ. ಪಾಠ ಒಪ್ಪಿಸಿದರೆ ಸಾಲದಂತೆ, ಯಾಕೆ ಹಾಗೆ ಅಂತ ಎದ್ದು ನಿಂತು ಹೇಳಬೇಕಂತೆ, ಅದೂ ಅವರ ಭಾಷೆಯಲ್ಲಿ. ನೀನು ಕಳಿಸಿದ ಪಾಠಪಟ್ಟಿಯನ್ನು ಸಲಹೆ ಕೊಡುವ ಮೇಡಂ ತಿರುವಿ ನೋಡಿ, ತುಂಬಾ ಇದೆಯಲ್ಲ ಅಂದರು. ಹೊಗಳಿದ್ದೋ ಏನೋ ತಿಳಿಯಲಿಲ್ಲ.

ಒಂದು ಸಂತೋಷದ ಸುದ್ದಿ. ಮೊನ್ನೆ ಅವಳ ಗಣಿತದ ಪುಸ್ತಕ ತೆಗೆದು ನೋಡಿದೆ. ಪುಟದ ತುಂಬಾ ಕೆಂಪು ರೈಟುಗಳು. ಎಣಿಸಿದರೆ ಇಪ್ಪತ್ತರಲ್ಲಿ ಹದಿನೇಳು. ನನ್ನ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ಇವರು ಕೆಲಸದಿಂದ ಬಂದು ನೋಡಿದವರೇ ಬೂಟು ಕೂಡ ಬಿಚ್ಚದೆ ಕೆಳಗಿಳಿದು ಹೋಗಿ ಸಿಹಿ ತಂದರು. ಅವಳು ಮಾತ್ರ ಮುಟ್ಟಲಿಲ್ಲ. ‘ಆಯ್ತು ಬಿಡಮ್ಮ’ ಅಂದು ಪುಸ್ತಕ ಕಿತ್ತುಕೊಂಡು ಗೋಡೆ ಕಡೆ ಮುಖ ಮಾಡಿ ಮಲಗಿದಳು. ಹೊಸ ಭಾಷೆ ತಲೆ ತಿನ್ನುತ್ತಿರಬೇಕು.

ಈಗ ನೀನು ಹೇಳಿದ ಫಾರಂ ಬಂದಿದೆ. ಜೊತೆಗೆ ಇಂಗ್ಲಿಷಿನಲ್ಲಿ ಒಂದು ಹಾಳೆ ಕೊಟ್ಟಿದ್ದಾರೆ. ಐದು ಕೋರ್ಸು, ಐದು ಚೌಕ. ಮೊದಲನೆಯದು ಉದ್ದದ ಕೋರ್ಸು, ಉಳಿದವು ಅಂಗಡಿ ಕೆಲಸ, ಅಡುಗೆಮನೆ ಕೆಲಸ, ಕಟ್ಟಡ ಕೆಲಸ, ಬಟ್ಟೆ ಒಗೆಯುವ ಕೆಲಸ. ನಾನೇ ತುಂಬುತ್ತೇನೆ ಅಂತ ಮಗಳು ಅನ್ನುತ್ತಾಳೆ. ಇನ್ನೂ ಅರ್ಧಂಬರ್ಧ ಓದುವವಳ ಕೈಗೆ ಇಂಥದ್ದನ್ನು ಹೇಗೆ ಕೊಡಲಿ? ನಿನ್ನ ಕೈ ಬೀಳದೆ ನಮ್ಮ ಮನೆಯಿಂದ ಯಾವ ಫಾರಂ ಹೊರಗೆ ಹೋಗಿದೆ? ಇವರು ಕೆಳಗೆ ಸಹಿ ಹಾಕಿದ್ದಾರೆ. ನೀನು ತುಂಬಿ ಕಳಿಸು. ನವೆಂಬರ್ ಮೊದಲ ವಾರ ಕಡೆಯ ದಿನ.

ನಿನ್ನ ತಂಗಿ

•

ಸೆಪ್ಟೆಂಬರ್ 27

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ವಿಷಯ: ಕೋರ್ಸು ಆಯ್ಕೆಯ ಫಾರಂ.
ಉಲ್ಲೇಖ: ನಿನ್ನ ಸೆಪ್ಟೆಂಬರ್ 6ರ ಪತ್ರ ಮತ್ತು ಹದಿನೇಳು ರೈಟು.

ಮೊದಲು ಭಾವನಿಗೊಂದು ಮಾತು. ಖಾಲಿ ಫಾರಂಗೆ ಸಹಿ ಹಾಕುವವರು ನಮ್ಮ ಬಳಗದಲ್ಲಿ ಇದುವರೆಗೆ ಇರಲಿಲ್ಲ. ನಾನಾದ್ದರಿಂದ ಬಚಾವು.

ಭಾನುವಾರ ಆಫೀಸಿನ ಬೀಗ ತೆಗೆಸಿ, ಯಾರೂ ಇಲ್ಲದಾಗ ಕೂತು ತುಂಬಿದೆ. ಮೊದಲು ಬೇರೆ ಹಾಳೆಯಲ್ಲಿ ಮಾದರಿ, ಆಮೇಲೆ ಫಾರಂ. ಬೇಕಾದದ್ದನ್ನು ಗುರುತು ಮಾಡಿ ಅಂತಷ್ಟೇ ಇಂಗ್ಲಿಷ್ ಹಾಳೆಯಲ್ಲಿದೆ, ಹೇಗೆ ಅಂತ ಹೇಳಿಲ್ಲ. ಹೇಳುವ ಅಗತ್ಯವೂ ಇಲ್ಲ. ಉದ್ದದ ಕೋರ್ಸಿಗೆ ದೊಡ್ಡದಾಗಿ ಒಂದು ರೈಟು ಹಾಕಿದೆ. ಬೇಡದ ನಾಲ್ಕಕ್ಕೂ ಮೂಲೆಯಿಂದ ಮೂಲೆಗೆ ಇಂಟು. ಬೇರೆಯವರಾಗಿದ್ದರೆ ಆ ನಾಲ್ಕನ್ನು ಹಾಗೇ ಬಿಡುತ್ತಿದ್ದರು. ಖಾಲಿ ಚೌಕದಂಥ ಅಪಾಯದ ಜಾಗ ಆಫೀಸಿನಲ್ಲಿ ಇನ್ನೊಂದಿಲ್ಲ. ಯಾವನೋ ಟೀ ಕುಡಿದು ಬಂದು ಒಂದು ಗೆರೆ ಎಳೆದರೆ ಮಗುವಿನ ಹಣೆಬರಹವೇ ಬದಲು. ಹೊಸದಾಗಿ ಬಂದ ಗುಮಾಸ್ತರಿಗೆಲ್ಲ ನಾನು ಕಲಿಸುವ ಮೊದಲ ಪಾಠ ಇದು.

ಫಾರಂ ಒಳಗಿನ ಲಕೋಟೆಯಲ್ಲಿದೆ. ಅಂಟು ಹಾಕಿ, ಅಂಚಿನ ಮೇಲೆ ಅಡ್ಡ ಸಹಿ ಮಾಡಿ, ಮುದ್ರೆ ಒತ್ತಿದ್ದೇನೆ. ಯಾರೂ ಬಿಚ್ಚಕೂಡದು. ಬಿಚ್ಚಿದ ಲಕೋಟೆ ಅಂದರೆ ಒಳಗೆ ಏನೋ ತಿದ್ದಿದ್ದಾರೆ ಅಂತಲೇ ಯಾವ ಆಫೀಸಿನವರೂ ತಿಳಿಯುವುದು. ಗುಂಡುಸೂಜಿಯೇ ತನ್ನ ಕೈಯಾರೆ ಕೊಡಲಿ. ಕೈ ಒಳ್ಳೆಯದು ಅವಳದು.

ನಿನ್ನ ಅಣ್ಣ

ಲಗತ್ತು: ಒಂದು, ಮುಚ್ಚಿದ್ದು

•

ನವೆಂಬರ್ 3

ಅಣ್ಣನಿಗೆ ನಮಸ್ಕಾರ.

ಲಕೋಟೆ ಬಂತು, ಶಾಲೆಗೂ ತಲುಪಿತು. ಸಲಹೆ ಮೇಡಂ ಮುದ್ರೆ ನೋಡಿ ಬೆರಗಾದರಂತೆ. ಇಲ್ಲಿ ಯಾರೂ ಇಷ್ಟು ಶಿಸ್ತಾಗಿ ಕೊಡುವುದಿಲ್ಲ ಅನ್ನಿಸುತ್ತದೆ.

ಕೊಡುವ ದಿನ ಬೆಳಗ್ಗೆ ಮಗಳ ಜೊತೆ ಒಂದು ಮಾತಾಯಿತು. ಬ್ಯಾಗು ಹೆಗಲಿಗೆ ಹಾಕಿಕೊಂಡು ಬಾಗಿಲಲ್ಲಿ ನಿಂತೇ ಇದ್ದಳು. ಮಾವ ಹೇಗೆ ಗುರುತು ಹಾಕಿದ್ದಾರೆ ಅಂತ ಪತ್ರದಲ್ಲಿ ಬರೆದಿದ್ದಾರಾ ಅಂದಳು. ನನಗೆ ಬಸ್ಸಿನ ಹೊತ್ತು. ಎಷ್ಟೋ ಮಕ್ಕಳ ಫಾರಂ ತುಂಬಿದ ಕೈ ಅದು, ನಿನ್ನೆ ಮೊನ್ನೆಯವಳು ನೀನು ಮಾವನಿಗೆ ಪಾಠ ಹೇಳುತ್ತೀಯಾ ಅಂತ ಗದರಿದೆ. ಮೆಟ್ಟಿಲಿಳಿದು ಹೋದಳು. ಈಗೀಗ ಒಂದು ಮಾತಿಗೆ ಒಂದೇ ಉತ್ತರ ಅವಳದು. ಶಾಲೆಯಲ್ಲಿ ಮಧ್ಯಾಹ್ನ ಒಬ್ಬಳೇ ಕೂತು ತಿನ್ನುತ್ತಾಳಂತೆ. ನೀನೊಂದು ಸಾಲು ಅವಳಿಗೂ ಬರೆ.

ಇವರು ಕೇಳಿದ್ದಾರೆ ಅಂತ ಹೇಳು ಅಂದರು. ಖಾಲಿ ಫಾರಂ ವಿಷಯಕ್ಕೆ ನೀನು ಚುಚ್ಚಿದೆಯಲ್ಲ, ಅವರಿಗೆ ಇನ್ನೂ ಸಿಟ್ಟಿದೆ.

ನಿನ್ನ ತಂಗಿ

•

ಫೆಬ್ರವರಿ 20

ಅಣ್ಣನಿಗೆ ನಮಸ್ಕಾರ.

ಮಗಳಿಗೆ ಸೀಟು ಸಿಕ್ಕಿದೆ. ಆಗಸ್ಟಿನಲ್ಲಿ ಶುರು. ನಾವು ಚೆನ್ನಾಗಿದ್ದೇವೆ. ಇಲ್ಲಿ ಚಳಿ ಬಹಳ. ಕೆಲಸ ಜಾಸ್ತಿ ಇರುವುದರಿಂದ ಇಷ್ಟೇ ಬರೆಯುತ್ತಿದ್ದೇನೆ. ನೀನು ರಕ್ತದೊತ್ತಡದ ಮಾತ್ರೆ ತಪ್ಪಿಸಬೇಡ.

ನಿನ್ನ ತಂಗಿ

•

ಮಾರ್ಚ್ 15

ಪ್ರೀತಿಯ ತಂಗಿಗೆ ಆಶೀರ್ವಾದಗಳು.

ವಿಷಯ: ಸಂತೋಷ.
ಉಲ್ಲೇಖ: ನಿನ್ನ ಪತ್ರದ ಮೊದಲ ಸಾಲು.

ಒಂದೇ ಒಂದು ಸಾಲು. ಇಂಥ ಸುದ್ದಿಯನ್ನು ಇಷ್ಟು ಜಿಪುಣತನದಲ್ಲಿ ಯಾರಾದರೂ ಬರೆಯುತ್ತಾರಾ? ಆಫೀಸಿನಲ್ಲಿ ಎಲ್ಲರಿಗೂ ಸಿಹಿ ಹಂಚಿದೆ. ಗಣಿತದ ಮೇಷ್ಟ್ರು ಎರಡು ಸಲ ತೆಗೆದುಕೊಂಡರು. ಹುಡುಗಿ ಓದಿದ್ದು ನನ್ನ ಕೈಯಲ್ಲಿ ಅಂತ ಅವರು, ಫಾರಂ ತುಂಬಿದ್ದು ನಾನು ಅಂತ ನಾನು. ಬಾಯಿಗೆ ಬಂದಷ್ಟು ಜಂಬ ಕೊಚ್ಚಿಕೊಂಡೆವು. ಹದಿನಾರು ತುಂಬಿದ ದಿನ ಫೋನ್ ಮಾಡಿದರೆ ಅವಳು ಶಾಲೆಯಲ್ಲಿದ್ದಾಳೆ ಅಂತ ನೀನಂದೆ. ಅವತ್ತು ಭಾನುವಾರ ಅಂತ ಆಮೇಲೆ ಹೊಳೆಯಿತು. ಇರಲಿ, ಅಲ್ಲಿನ ಪದ್ಧತಿ ಬೇರೆ ಇರಬಹುದು.

ನಮ್ಮ ಶಾಲೆ ಎದುರಿನ ಟೈಲರ್ ಗೊತ್ತಲ್ಲ, ನಿನ್ನ ರವಿಕೆ ಬಿಗಿ ಮಾಡಿ ಬೈಸಿಕೊಂಡವನು. ಅವನ ಅಳಿಯನೂ ಅದೇ ದೇಶಕ್ಕೆ ಹೋಗಿದ್ದಾನೆ. ಮೊಮ್ಮಗಳಿಗೆ ಹದಿನೈದು, ಇದೇ ಫಾರಂ ಬಂದಿದೆ, ಅವರ ಊರಿನಲ್ಲಿ ಕಡೆಯ ದಿನ ಮೇ ಕೊನೆಯಂತೆ. ನಮ್ಮ ಗುಂಡುಸೂಜಿಯ ಸುದ್ದಿ ಕೇಳಿ ನನ್ನ ಹತ್ತಿರ ಬಂದ. ಮಾದರಿ ಹೇಗೂ ಇಟ್ಟುಕೊಂಡಿದ್ದೆ, ಅದೇ ಪ್ರಕಾರ ತುಂಬಿದ್ದೇನೆ. ಒಂದು ರೈಟು, ನಾಲ್ಕು ಇಂಟು. ಶಾಲೆಯ ಗಡಿಬಿಡಿ ಮುಗಿದ ಮೇಲೆ ಏಪ್ರಿಲ್ ಕೊನೆಯಲ್ಲಿ ಮುದ್ರೆ ಒತ್ತಿ ಕಳಿಸುತ್ತೇನೆ.

ನಿನ್ನ ಅಣ್ಣ

•

ಏಪ್ರಿಲ್ 2

ಮಾವನಿಗೆ ನಮಸ್ಕಾರ.

ವಿಷಯ: ಟೈಲರ್ ತಾತನ ಮೊಮ್ಮಗಳ ಫಾರಂ.
ಉಲ್ಲೇಖ: ನೀವು ಅಮ್ಮನಿಗೆ ಬರೆದ ಮಾರ್ಚ್ 15ರ ಪತ್ರ.

ಅದನ್ನು ಕಳಿಸಬೇಡಿ ಮಾವ. ಕಳಿಸಿಬಿಟ್ಟಿದ್ದರೆ ಈಗಲೇ ಅವರ ಮನೆಗೆ ಹೋಗಿ ಹೇಳಿ.

ಈ ಪತ್ರ ಬರೆಯಬೇಡ ಅಂತ ಅಮ್ಮ ಅಂದಳು. ಅಪ್ಪ ಅಂಚೆಚೀಟಿ ತಂದುಕೊಟ್ಟರು.

ಇಲ್ಲಿ ಇಂಟು ಅಂದರೆ ಬೇಕು ಅಂತ. ಚೌಕದಲ್ಲಿ ಇಂಟು ಹಾಕಿದರೆ ಅದನ್ನು ಆರಿಸಿಕೊಂಡ ಹಾಗೆ. ರೈಟು ಅಂದರೆ ತಪ್ಪು. ಮೇಷ್ಟ್ರು ತಪ್ಪು ಉತ್ತರದ ಪಕ್ಕದಲ್ಲಿ ರೈಟು ಹಾಕುತ್ತಾರೆ, ಸರಿ ಇದ್ದರೆ ಏನೂ ಹಾಕುವುದಿಲ್ಲ. ಅಮ್ಮ ಎಣಿಸಿದ ಹದಿನೇಳು ರೈಟು ನನ್ನ ಹದಿನೇಳು ತಪ್ಪು. ದಶಮಾಂಶಕ್ಕೆ ನಾವು ಬಿಂದು ಹಾಕುವ ಕಡೆ ಇವರು ಅಲ್ಪವಿರಾಮ ಹಾಕುತ್ತಾರೆ. ಮೂರೂವರೆ ಬರೆದರೆ ಮೂವತ್ತೈದು ಅಂತ ಓದಿದ್ದರು. ಒಂದೇ ವಾರದಲ್ಲಿ ನಾನು ಸರಿಮಾಡಿಕೊಂಡೆ. ಈಗ ನನ್ನ ಗಣಿತದ ಪುಸ್ತಕದಲ್ಲಿ ಒಂದು ಗುರುತೂ ಇಲ್ಲ. ಅಪ್ಪ ಬೂಟಿನಲ್ಲೇ ಓಡಿಹೋಗಿ ಸಿಹಿ ತಂದ ದಿನ ಇದನ್ನು ಹೇಳುವುದಕ್ಕೆ ನನಗೆ ಬಾಯಿ ಬರಲಿಲ್ಲ. ಆಮೇಲೆ ಹೇಳೋಣ ಅಂತ ಬಿಟ್ಟೆ.

ಫಾರಂನಲ್ಲಿ ನಾಲ್ಕು ಕೆಲಸಕ್ಕೆ ಇಂಟು ಇತ್ತು, ಉದ್ದದ ಕೋರ್ಸಿಗೆ ರೈಟು. ಈ ನಾಲ್ಕರಲ್ಲಿ ಯಾವುದಾದರೂ ಸರಿ, ಉದ್ದದ್ದು ಮಾತ್ರ ಬೇಡ ಅಂತ ಅವರು ಓದಿದರು. ಬಟ್ಟೆ ಒಗೆಯುವ ಕೋರ್ಸಿನಲ್ಲಿ ಸೀಟು ಖಾಲಿ ಇತ್ತು, ಅದನ್ನು ಕೊಟ್ಟರು. ಅಮ್ಮನೂ ನಾನೂ ಸಲಹೆ ಮೇಡಂ ಹತ್ತಿರ ಹೋದೆವು. ಅವರು ಫಾರಂ ತೆಗೆದು ತೋರಿಸಿದರು. ‘ಎಷ್ಟು ಗಟ್ಟಿಯಾಗಿ ಬೇಡ ಅಂದಿದ್ದೀರಿ, ನಮಗೇ ಬೇಜಾರಾಯ್ತು’ ಅಂದರು. ಅಮ್ಮನಿಗೆ ನಾನೇ ಅನುವಾದ ಮಾಡಿ ಹೇಳಬೇಕಾಯಿತು. ಪಟ್ಟಿ ಜನವರಿಯಲ್ಲೇ ಮುಗಿದಿತ್ತು. ಮುಂದಿನ ಪಟ್ಟಿಯ ಹೊತ್ತಿಗೆ ನನಗೆ ಹದಿನಾರು ದಾಟಿರುತ್ತದೆ, ಆಮೇಲೆ ಬದಲಾಯಿಸುವುದಕ್ಕೆ ನಿಯಮ ಇಲ್ಲವಂತೆ.

ಮಾವ, ಅವತ್ತು ಲಕೋಟೆ ನನ್ನ ಬ್ಯಾಗಿನಲ್ಲೇ ಇತ್ತು. ಬಸ್ಸಿನಲ್ಲಿ ತೆಗೆದು ಬೆಳಕಿಗೆ ಹಿಡಿದು ನೋಡಿದೆ, ಒಳಗಿನದು ಕಾಣಲಿಲ್ಲ. ಬಿಚ್ಚೋಣ ಅನ್ನಿಸಿತು. ಅಂಚಿನ ಮೇಲೆ ನಿಮ್ಮ ಸಹಿ ಇತ್ತು.

ಟೈಲರ್ ತಾತನ ಮೊಮ್ಮಗಳಿಗೆ ಒಂದೇ ಒಂದು ಇಂಟು ಹಾಕಿ, ಬೇಕಾದ ಕಡೆ. ಉಳಿದದ್ದೆಲ್ಲ ಖಾಲಿ ಬಿಡಿ. ಇಲ್ಲಿ ಯಾರೂ ತುಂಬುವುದಿಲ್ಲ.

ನಿಮ್ಮ
ಗುಂಡುಸೂಜಿ

•

ಏಪ್ರಿಲ್ 24

ಮಗಳೇ,

ನಿನ್ನ ಪತ್ರ ಆಫೀಸಿಗೆ ಬಂತು. ಅಲ್ಲೇ ನಿಂತು ಓದಿದೆ. ಜವಾನ ಬಂದು ಏನು ಸಾರ್ ಅಂದ. ಏನಿಲ್ಲಪ್ಪ ಅಂದೆ. ಆಮೇಲೆ ರಜೆ ಬರೆದುಕೊಟ್ಟು ಮನೆಗೆ ಬಂದೆ.

ಟೈಲರ್ ಫಾರಂ ಇನ್ನೂ ನನ್ನ ಡ್ರಾಯರಿನಲ್ಲೇ ಇತ್ತು. ಅವನ ಮುಂದೆಯೇ ಹರಿದೆ. ಅಳಿಯನಿಗೆ ಫೋನ್ ಮಾಡಿಸಿ ಬೇರೆ ಫಾರಂ ಇಸಿದುಕೊಳ್ಳಲು ಹೇಳಿಸಿದೆ, ಆ ಹುಡುಗಿಯೇ ತುಂಬುತ್ತಾಳೆ. ಯಾಕೆ ಅಂತ ಅವನು ಕೇಳಿದ. ಹೇಳಿದೆ. ಇಡೀ ಶಾಲೆಗೇ ಹೇಳಿದೆ. ಸಿಹಿ ತಿಂದವರಿಗೆಲ್ಲ ಹೇಳಬೇಕಾದದ್ದೇ.

ನಿಮ್ಮ ಶಾಲೆಗೆ ಒಂದು ಕಾಗದ ಬರೆದಿದ್ದೇನೆ, ಇದರ ಜೊತೆ ಇದೆ. ತಪ್ಪು ನನ್ನದು, ಮಗುವಿನದಲ್ಲ, ಅಪ್ಪ ಅಮ್ಮನದೂ ಅಲ್ಲ ಅಂತ ಪ್ರಮಾಣ ಮಾಡಿ ಸಹಿ ಹಾಕಿದ್ದೇನೆ. ಅಂಟು ಹಾಕಿಲ್ಲ. ನೀನು ಓದು, ಎಲ್ಲಿ ಏನು ತಿದ್ದಬೇಕೋ ತಿದ್ದು, ಆಮೇಲೆ ಕೊಡು. ಇದನ್ನು ಮೊದಲೇ ಮಾಡಿದ್ದರೆ ಆಗುತ್ತಿತ್ತು. ಪ್ರಪಂಚದಲ್ಲಿ ರೈಟು ಅಂದರೆ ರೈಟೇ ಅಂತ ನಂಬಿದ್ದೆ ಮಗಳೇ. ಬೇರೆ ಇರಬಹುದು ಅಂತ ಒಂದು ಗಳಿಗೆಯೂ ಹೊಳೆಯಲಿಲ್ಲ.

ನಿನ್ನ ಅಮ್ಮನಿಗೆ ಹೇಳು, ಅವಳ ಮೇಲೆ ಸಿಟ್ಟಿಲ್ಲ. ಫೆಬ್ರವರಿಯಿಂದ ಏಪ್ರಿಲ್‌ವರೆಗೆ ನನಗೆ ಸಂತೋಷ ಉಳಿಸಿಕೊಟ್ಟಳು. ಅದು ಬೇಡವಾಗಿತ್ತು.

ಮಾವ

•

ಅಕ್ಟೋಬರ್ 10

ಅಣ್ಣನಿಗೆ ನಮಸ್ಕಾರ.

ಐದು ತಿಂಗಳು ಸುಮ್ಮನಿದ್ದೆ. ನೀನೂ ಸುಮ್ಮನಿದ್ದೆ. ನಿನ್ನ ಕಡೆಯ ಪತ್ರದಲ್ಲಿ ವಿಷಯ, ಉಲ್ಲೇಖ ಏನೂ ಇರಲಿಲ್ಲ. ಅದನ್ನು ನೋಡಿಯೇ ನನಗೆ ಎದೆ ಒಡೆಯಿತು.

ನಿನ್ನ ಕಾಗದಕ್ಕೆ ಜೂನಿನಲ್ಲಿ ಉತ್ತರ ಬಂದಿತ್ತು. ಎರಡೇ ಸಾಲು. ಪಾಲಕರ ಸಹಿ ಇದೆ, ಆಯ್ಕೆ ಸ್ಪಷ್ಟವಾಗಿದೆ, ಬದಲಾಯಿಸಲಾಗದು. ಮಗಳು ಅದನ್ನು ಓದಿ ಹೇಳಿ, ಮಡಚಿ, ನಿನ್ನ ಅಂಕಪಟ್ಟಿಗಳ ಜೊತೆ ಇಟ್ಟಳು. ಇವರು ಕಾರ್ಖಾನೆಯಲ್ಲಿ ಒಬ್ಬ ಮೇಸ್ತ್ರಿಯನ್ನು ಹಿಡಿದು ಅಲ್ಲಿ ಇಲ್ಲಿ ವಿಚಾರಿಸಿದರು. ದೊಡ್ಡವರಾದ ಮೇಲೆ ಸಂಜೆ ಶಾಲೆ ಅಂತ ಒಂದಿದೆಯಂತೆ, ಇಪ್ಪತ್ತೈದು ದಾಟಿರಬೇಕಂತೆ. ಅವಳಿಗೆ ಹೇಳಿದರೆ ‘ಹೂಂ’ ಅಂದಳು. ಒಂಬತ್ತು ವರ್ಷದ ಆಚೆಗೆ ಹೇಳುವ ‘ಹೂಂ’ ಹೇಗಿರುತ್ತದೋ ಹಾಗಿತ್ತು. ನನಗೂ ಆಸೆಯಿಲ್ಲ, ಸುಳ್ಳು ಯಾಕೆ ಹೇಳಲಿ.

ಕೆಲಸ ಕಲಿಯಲು ಅವಳನ್ನು ನಮ್ಮ ಆಸ್ಪತ್ರೆಗೇ ಹಾಕಿದ್ದಾರೆ. ವಾರದಲ್ಲಿ ಮೂರು ದಿನ ಆ ನೆಲಮಾಳಿಗೆಯಲ್ಲಿ ನನ್ನ ಎದುರು ನಿಲ್ಲುವವಳು ಅವಳೇ. ಮೊದಲ ದಿನ ಬಿಸಿ ಬಟ್ಟೆ ಹಿಡಿದು ಕೈ ಕೊಡವಿದಳು, ನಾನು ನಕ್ಕೆ, ಅವಳೂ ನಕ್ಕಳು. ಮಡಚುವಾಗ ‘ಅರ್ಧ, ಕಾಲು, ಅರೆಕಾಲು’ ಅಂತ ಗುನುಗಿಕೊಳ್ಳುತ್ತಿದ್ದಳು, ನಿನ್ನ ಮೇಜಿನ ಮೂಲೆಯಲ್ಲಿ ಕೂತಾಗಿನ ಹಾಗೆ. ಮೂರನೇ ವಾರದ ಹೊತ್ತಿಗೆ ಅದು ನಿಂತುಹೋಯಿತು. ಈಗ ಸುಮ್ಮನೆ ಮಡಚುತ್ತಾಳೆ. ನನಗಿಂತ ಚುರುಕು. ಮೇಲ್ವಿಚಾರಕಿ ಅವಳನ್ನು ತೋರಿಸಿ ನನ್ನ ಬೆನ್ನು ತಟ್ಟಿದಳು. ಹೆತ್ತವಳಿಗೆ ಸಂತೋಷವಾಗಬೇಕು ಅಲ್ಲವಾ? ಬಾತ್‌ರೂಮಿಗೆ ಹೋಗಿ ನಲ್ಲಿ ತಿರುಗಿಸಿ ಅತ್ತು ಬಂದೆ.

ಅವತ್ತು ಬಾಗಿಲಲ್ಲಿ ಅವಳು ಕೇಳಿದ್ದಕ್ಕೆ ನಿನ್ನ ಪತ್ರ ತೆಗೆದು ತೋರಿಸಿದ್ದರೆ ಸಾಕಾಗಿತ್ತು. ಎರಡು ನಿಮಿಷದ ಕೆಲಸ. ನಿನ್ನೊಬ್ಬನದೇ ತಪ್ಪು ಅಂತ ಇನ್ನೊಂದು ಸಲ ಬರೆಯಬೇಡ.

ನಿನ್ನೆ ಶಾಲೆಯಿಂದ ಒಂದು ಫಾರಂ ಬಂದಿತ್ತು. ನಿನಗೆ ಈ ಕೋರ್ಸು ಇಷ್ಟವಾಗಿದೆಯೇ ಅಂತ ಒಂದೇ ಪ್ರಶ್ನೆ, ಹೌದು, ಇಲ್ಲ ಅಂತ ಎರಡು ಚೌಕ. ಊಟದ ಬಿಡುವಿನಲ್ಲಿ ಬಟ್ಟೆಯ ಗಾಡಿಯ ಮೇಲಿಟ್ಟು ನನ್ನ ಎದುರಿಗೇ ತುಂಬಿದಳು. ‘ಹೌದು’ ಅನ್ನುವ ಚೌಕದಲ್ಲಿ ಮೂಲೆಯಿಂದ ಮೂಲೆಗೆ ಒಂದು ಇಂಟು ಹಾಕಿದಳು, ಥೇಟ್ ನಿನ್ನ ಕೈ. ‘ಇಲ್ಲ’ ಅನ್ನುವುದನ್ನು ಖಾಲಿ ಬಿಟ್ಟಳು.

ಅದು ಅಲ್ಲಿನ ಇಂಟೋ ಇಲ್ಲಿನ ಇಂಟೋ ಅಂತ ನಾನು ಕೇಳಲಿಲ್ಲ. ಅವಳು ಪೆನ್ನಿನ ಮುಚ್ಚಳ ಹಾಕಿ ಬಟ್ಟೆಯ ಎರಡು ಮೂಲೆ ನನ್ನ ಕಡೆ ನೀಡಿದಳು, ನಾನು ಹಿಡಿದುಕೊಂಡೆ.

ನಿನ್ನ ತಂಗಿ